ಐದು ಡಯಾಲಿಸಿಸ್ ಯಂತ್ರ ಪುಕ್ಕಟೆ ಬರುತ್ತಿದೆ, ತಗೊಳ್ಳೋಣವೇ? ಆಸ್ಪತ್ರೆ ಲೆಕ್ಕಾಚಾರದ ಪ್ರಶ್ನೋತ್ತರ

ಪ್ರಶ್ನೆ (ಟ್ರಸ್ಟ್ ಆಸ್ಪತ್ರೆಯ ಮ್ಯಾನೇಜರ್, ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕು):

ನಮಸ್ಕಾರ ಮೇಡಂ. ನಮ್ಮದು 50 ಹಾಸಿಗೆಯ ಆಸ್ಪತ್ರೆ. ದಾನಿಯೊಬ್ಬರು ಐದು ಡಯಾಲಿಸಿಸ್ ಯಂತ್ರ ಕೊಡಿಸಲು ಮುಂದೆ ಬಂದಿದ್ದಾರೆ. ಕಮಿಟಿಯವರು "ಪುಕ್ಕಟೆ ಬರ್ತಿದೆ, ಇನ್ನೇನು ಯೋಚನೆ?" ಅನ್ನುತ್ತಾರೆ. ನಮ್ಮ ಕಡೆಯ ಕೆಲವು ರೋಗಿಗಳು ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಹೋಗುತ್ತಾರೆ. ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ. ಅಗತ್ಯ ಇದೆ, ನಿಜ. ಆದರೆ ತಿಂಗಳ ಖರ್ಚು ಹೊರಲು ಆಗುತ್ತಾ ಎಂಬ ಭಯ ನನಗೆ. ಲೆಕ್ಕ ಹೇಗೆ ಹಾಕಲಿ?

ಉತ್ತರ (ಆಸ್ಪತ್ರೆ ಆಡಳಿತ ಸಲಹೆಗಾರ್ತಿ):

ನಮಸ್ಕಾರ ಸರ್. ನಿಮ್ಮ ಭಯ ಸರಿಯಾಗಿಯೇ ಇದೆ. ಖರ್ಚು ಶುರುವಾಗುವುದೇ ಯಂತ್ರ ಬಂದ ಮೇಲೆ.

ಮೊದಲು ಯಂತ್ರದ ಮಾತು ಬದಿಗಿಟ್ಟು ರೋಗಿಗಳ ಪಟ್ಟಿ ಮಾಡಿ. ಯಾವ ಊರು, ವಾರಕ್ಕೆ ಎಷ್ಟು ಸಲ, ಈಗ ಎಲ್ಲಿಗೆ ಹೋಗುತ್ತಾರೆ, ದುಡ್ಡು ಯಾರು ಕಟ್ಟುತ್ತಾರೆ, ಇಷ್ಟು ಸಾಕು. "ಬಹಳ ಜನ ಇದ್ದಾರೆ" ಅನ್ನುವುದು ಅಂಕಿ ಅಲ್ಲ. ಸರ್ಕಾರಿ ಆಸ್ಪತ್ರೆಯನ್ನೂ ವಿಚಾರಿಸಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಿಪಿಎಲ್‌ನವರಿಗೆ ಸರ್ಕಾರಿ ಘಟಕಗಳಲ್ಲಿ ಉಚಿತ. ಹತ್ತಿರದ ಘಟಕದಲ್ಲಿ ಜಾಗ ಖಾಲಿ ಇದ್ದರೆ ನಿಮ್ಮಲ್ಲಿಗೆ ಯಾರು ಬರುತ್ತಾರೆ? ಅಲ್ಲಿ ಕಾಯುವವರ ಪಟ್ಟಿ ಉದ್ದ ಇದ್ದರೆ ಆ ಪಟ್ಟಿಯೇ ನಿಮಗೆ ಬೇಕಾದ ಡೇಟಾ.

ಇನ್ನು ಯಂತ್ರ. ಐದು ಅಂದರೆ ಐದಲ್ಲ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಇರುವವರಿಗೆ ಒಂದನ್ನು ಬೇರೆಯೇ ಇಡಬೇಕು. ಉಳಿದದ್ದು ನಾಲ್ಕು. ಒಂದು ಸಲಕ್ಕೆ ನಾಲ್ಕು ಗಂಟೆ, ಆಮೇಲೆ ಶುಚಿ ಮಾಡಲು ಹತ್ತಿರ ಹತ್ತಿರ ಒಂದು ಗಂಟೆ. ಬೆಳಿಗ್ಗೆ 6ಕ್ಕೆ ಶುರು ಮಾಡಿದರೆ 6ರಿಂದ 10, 11ರಿಂದ 3, 4ರಿಂದ 8, ಹೀಗೆ ಮೂರು ಪಾಳಿ. ವಾರಕ್ಕೆ ಆರು ದಿನ ನಡೆಸಿದರೆ ಎರಡು ಪಾಳಿಯಲ್ಲಿ 48 ಸಲ, ಮೂರು ಪಾಳಿಯಲ್ಲಿ 72 ಸಲ. ಒಬ್ಬರಿಗೆ ವಾರಕ್ಕೆ ಮೂರು ಸಲ ಅಂತ ಹಿಡಿದರೆ 16 ರೋಗಿಗಳು, ಇಲ್ಲವೇ 24.

ಈಗ ದುಡ್ಡು. ಇವು ನಾನು ಸುಮ್ನೆ ಲೆಕ್ಕಕ್ಕೆ ಹಿಡಿದ ಅಂಕಿಗಳು, ನಿಮ್ಮವನ್ನು ಹಾಕಿಕೊಳ್ಳಿ. ಯಂತ್ರ ಓಡಲಿ ಬಿಡಲಿ ತಿಂಗಳಿಗೆ ಆಗುವ ಖರ್ಚು, ಅಂದರೆ ಸಂಬಳ, ಎಎಂಸಿ (ಯಂತ್ರದ ವಾರ್ಷಿಕ ನಿರ್ವಹಣೆ ಒಪ್ಪಂದ), ಆರ್‌ಒ (ನೀರು ಶುದ್ಧ ಮಾಡುವ ಘಟಕ) ನಿರ್ವಹಣೆ, ಮುಂದೆ ಹೊಸ ಯಂತ್ರ ಕೊಳ್ಳಲು ಎತ್ತಿಡುವ ಹಣ, ಎಲ್ಲ ಸೇರಿ 1,60,000. ಒಂದು ಸಲದ ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ಟ್ಯೂಬು, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ), ಸೂಜಿ, ಸಲೈನ್‌ಗೆ 800. ರೋಗಿಯಿಂದಲೋ ಸರ್ಕಾರಿ ಸ್ಕೀಮಿನಿಂದಲೋ ಕೈಗೆ ಬರುವುದು 1,500. ಸಲಕ್ಕೆ ಉಳಿಯುವುದು 700. ಹಾಕಿದ್ದು ಹುಟ್ಟಲು ತಿಂಗಳಿಗೆ 229 ಸಲ ಆಗಬೇಕು. ಎರಡು ಪಾಳಿ ಪೂರ್ತಿ ತುಂಬಿದರೂ ಆಗುವುದು 208! ಮೂರನೇ ಪಾಳಿಗೆ ಇನ್ನೊಬ್ಬ ಟೆಕ್ನಿಶಿಯನ್ ಬೇಕು, ಅವರಿಗೆ 25,000 ಅಂತ ಹಿಡಿಯಿರಿ. ಆಗ ಬೇಕಾದದ್ದು 265 ಸಲ. ಅಂದರೆ 24 ಜಾಗದಲ್ಲಿ 21 ಸದಾ ತುಂಬಿರಬೇಕು.

ತುಂಬಿರುತ್ತಾ? 21 ಜನಕ್ಕೆ ತಿಂಗಳಿಗೆ 273 ಸಲ ಆಗುತ್ತದೆ, ಹತ್ತರಲ್ಲಿ ಒಂದು ಸಲ ರೋಗಿ ತಪ್ಪಿಸಿದರೆ ಅದು 246ಕ್ಕೆ ಇಳಿಯುತ್ತದೆ. ಅಲ್ಲಿಗೆ ನಷ್ಟ. ತಪ್ಪಿಸುವುದು ಯಾಕೆ ಅಂತ ಕೇಳಿದರೆ ಎಷ್ಟೋ ಸಲ ಉತ್ತರ ಬಸ್ಸು. ರಾತ್ರಿ 8ಕ್ಕೆ ಮುಗಿಸಿದವರಿಗೆ ಹಳ್ಳಿ ಬಸ್ಸು ಎಲ್ಲಿ ಸಿಗಬೇಕು? ಹಾಗಾಗಿ ಮೂರನೇ ಪಾಳಿ ಪೇಟೆಯವರಿಗೆ, ಮೊದಲ ಎರಡು ಹಳ್ಳಿಯವರಿಗೆ. ಇದಕ್ಕೆ ಸಾಫ್ಟ್‌ವೇರ್ ಏನೂ ಬೇಡ. ಪಟ್ಟಿಯಲ್ಲಿ ಊರಿನ ಹೆಸರು ಇದ್ದರೆ ಸಾಕು.

ನೀರನ್ನು ಮರೆಯಬೇಡಿ. ನಿಮಿಷಕ್ಕೆ 500 ಮಿಲಿಲೀಟರ್ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಶುದ್ಧ ನೀರೇ 120 ಲೀಟರ್. ಆರ್‌ಒ ಹೊರಹಾಕುವ ನೀರು ಸೇರಿದರೆ ಅದರ ಎರಡರಷ್ಟೂ ಆಗಬಹುದು. ಮಲೆನಾಡಲ್ಲಿ ನೀರಿಗೇನು ಬರ ಅಂತ ಕಮಿಟಿಯವರು ನಗಬಹುದು. ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ತೋರಿಸಿ.

ಇಷ್ಟೂ ಆಸ್ಪತ್ರೆಯ ಜೇಬಿನ ಲೆಕ್ಕ. ರೋಗಿಯ ಜೇಬಿನದನ್ನೂ ಪಕ್ಕದಲ್ಲಿ ಬರೆಯಿರಿ, ಯಾಕೆಂದರೆ ಲಾಭ ಇರುವುದು ಅಲ್ಲಿ. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156 ಓಡಾಟ. ಬಸ್ಸು, ಊಟ, ಜೊತೆಗೆ ಬಂದವರ ಕೂಲಿ ಸೇರಿ ಸಲಕ್ಕೆ 800 ಉಳಿದರೂ ಒಬ್ಬರಿಗೆ ವರ್ಷಕ್ಕೆ 1,24,800, 21 ಜನಕ್ಕೆ 26 ಲಕ್ಷದ ಮೇಲೆ. (2023ರ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ಅದನ್ನು ಬೇರೆ ಹಿಡಿಯಿರಿ. ಹೋದ ಕೂಲಿ ಮಾತ್ರ ಹೋದದ್ದೇ.) ಟ್ರಸ್ಟ್‌ಗೆ ವರ್ಷಕ್ಕೆ ಎರಡು ಮೂರು ಲಕ್ಷ ನಷ್ಟ ಆದರೂ ಊರಿಗೆ ಲಾಭವೇ. ನಷ್ಟ ಅಂದ ಮಾತ್ರಕ್ಕೆ ಬೇಡ ಅಂತ ಅಲ್ಲ. ಎಷ್ಟು ನಷ್ಟ, ಯಾರು ತುಂಬುತ್ತಾರೆ, ಎಷ್ಟು ವರ್ಷ, ಇದು ಮೊದಲೇ ಕಾಗದದ ಮೇಲೆ ಇರಲಿ.

ನಾನಾಗಿದ್ದರೆ ದಾನಿಯ ಹತ್ತಿರ ಹೀಗೆ ಕೇಳುತ್ತಿದ್ದೆ: ಪಟ್ಟಿಯಲ್ಲಿ 21 ಹೆಸರು ಸಿಗದಿದ್ದರೆ ಮೂರೇ ಯಂತ್ರ ಕೊಡಿ, ಉಳಿದ ಎರಡರ ದುಡ್ಡನ್ನು ಠೇವಣಿ ಇಡಿ. ಬಡ್ಡಿಯಲ್ಲಿ ಟೆಕ್ನಿಶಿಯನ್ ಸಂಬಳಕ್ಕೆ ಅಷ್ಟಿಷ್ಟು ಆಗುತ್ತದೆ. ಯಂತ್ರದ ಮೇಲೆ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸಲು ಆಗುವುದಿಲ್ಲ. ಅದಕ್ಕೇ ದಾನಿಗಳು ಇದಕ್ಕೆ ಬೇಗ ಒಪ್ಪುವುದಿಲ್ಲ. ಆದರೂ ಕೇಳಿ.

ಮತ್ತೊಬ್ಬರ ಪ್ರಶ್ನೆ:

ಎಲ್ಲಕ್ಕೂ ಲಾಭ ನಷ್ಟ ಅಂತ ನೋಡುತ್ತಾ ಹೋದರೆ ಜೀವಕ್ಕೂ ಬೆಲೆ ಕಟ್ಟಿದ ಹಾಗಾಯಿತಲ್ವಾ ಮೇಡಂ?

ಉತ್ತರ:

ಬೆಲೆಯನ್ನು ನಾವು ಈಗಲೂ ಕಟ್ಟುತ್ತಿದ್ದೇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಇಬ್ಬರೇ ನರ್ಸ್ ಇರುವ ಕಡೆ ಒಬ್ಬರನ್ನು ಡಯಾಲಿಸಿಸ್‌ಗೆ ಕಳಿಸಿದರೆ ಹೆರಿಗೆ ವಾರ್ಡಿಗೆ ಒಬ್ಬರೇ ಉಳಿಯುತ್ತಾರೆ. ಯಾವ ಚಿಕಿತ್ಸೆಗೆ ಸರ್ಕಾರದ ದುಡ್ಡು ಕೊಡಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಒಳ್ಳೆಯ ಆರೋಗ್ಯದ ಒಂದು ವರ್ಷಕ್ಕೆ 20,000ದಿಂದ 30,000 ಪೌಂಡ್ ಎಂಬ ಮಿತಿಯನ್ನು ಬಹಳ ವರ್ಷ ಬಹಿರಂಗವಾಗಿಯೇ ಇಟ್ಟುಕೊಂಡಿತ್ತು. ನಮ್ಮಲ್ಲೂ ಇಂಥ ಅಧ್ಯಯನಕ್ಕೆ ಆರೋಗ್ಯ ಸಂಶೋಧನಾ ಇಲಾಖೆಯಡಿ ಒಂದು ವ್ಯವಸ್ಥೆ ಇದೆ. 50 ಹಾಸಿಗೆಯ ಆಸ್ಪತ್ರೆಗೆ ಅಷ್ಟು ದೊಡ್ಡ ಲೆಕ್ಕ ಬೇಡ. ಆದರೆ ಅದೇ ದುಡ್ಡಲ್ಲಿ ಬೇರೆ ಏನು ಆಗುತ್ತಿತ್ತು ಅಂತ ಒಂದು ಸಾಲು ಬರೆಯಿರಿ. ಕಿಡ್ನಿ ಹಾಳಾಗಲು ದೊಡ್ಡ ಕಾರಣ ಸಕ್ಕರೆ ಕಾಯಿಲೆ ಮತ್ತು ಬಿಪಿ. ಹಳ್ಳಿಯಲ್ಲಿ ಕ್ರಿಯಾಟಿನಿನ್ ಪರೀಕ್ಷೆಯ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಕ್ಯಾಂಪು ಮಾಡಿದರೆ ಫೋಟೋ ಚೆನ್ನಾಗಿ ಬರಲಿಕ್ಕಿಲ್ಲ, ಕೆಲಸ ಮಾತ್ರ ಚೆನ್ನಾಗಿ ಆಗುತ್ತದೆ.

ಮತ್ತೊಬ್ಬರ ಪ್ರಶ್ನೆ (ಸ್ಟಾಫ್ ನರ್ಸ್, ಕಲಬುರಗಿ):

ನಮ್ಮ ಒಪಿಡಿಗೆ ಟೋಕನ್ ಪದ್ಧತಿ ತಂದರು. ಜೂನ್‌ನಲ್ಲಿ ಇದ್ದ ಕಾಯುವ ಸಮಯ ನವೆಂಬರಿನಲ್ಲಿ ಅರ್ಧ ಆಗಿದೆ ಅಂತ ಚಾರ್ಟ್ ತೋರಿಸುತ್ತಾರೆ. ನಂಬಬಹುದಾ?

ಉತ್ತರ:

ಮಳೆಗಾಲದ ಜ್ವರದ ಜನ ನವೆಂಬರಿಗೆ ಕಡಿಮೆ ಆಗಿರುತ್ತಾರಲ್ಲ! ಮೊದಲು, ಆಮೇಲೆ ಅಂತ ಎರಡೇ ಅಂಕಿ ಇಟ್ಟರೆ ಏನು ಬೇಕಾದರೂ ಸಾಬೀತು ಮಾಡಬಹುದು. ನಿಮ್ಮ ಊರಿನದೇ ಉದಾಹರಣೆ ಇದೆ. 2010ರಲ್ಲಿ ಬಿಪಿಎಲ್‌ನವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು. ಸಂಶೋಧಕರು ಯೋಜನೆಯ ಗಡಿಯ ಆಚೆ ಈಚೆ ಇರುವ, ಹೆಚ್ಚು ಕಡಿಮೆ ಒಂದೇ ಥರದ ಹಳ್ಳಿಗಳನ್ನು ಹೋಲಿಸಿದರು. ಯೋಜನೆಯೊಳಗಿನ ಕಾಯಿಲೆಗಳಿಂದ ಬಿಪಿಎಲ್ ಮನೆಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಇದು ಬಂತು. ನೀವೂ ಟೋಕನ್ ಇರುವ ಒಪಿಡಿಯನ್ನು, ಟೋಕನ್ ಇಲ್ಲದ ಇನ್ನೊಂದು ಒಪಿಡಿಯ ಜೊತೆ, ಅದೇ ತಿಂಗಳಲ್ಲಿ ಹೋಲಿಸಿ. ಸರಾಸರಿ ಮಾತ್ರ ನೋಡಬೇಡಿ. ಎರಡು ಗಂಟೆಗಿಂತ ಜಾಸ್ತಿ ಕಾದವರು ಎಷ್ಟು ಮಂದಿ ಅಂತಲೂ ಎಣಿಸಿ. ಜಗಳ ಮಾಡುವವರು ಅವರೇ.

ಮೊದಲು ಕೇಳಿದವರು:

ಮೇಡಂ, ಡಯಾಲಿಸಿಸ್‌ಗೆ ಸರ್ಕಾರಿ ಸ್ಕೀಮಿನಿಂದ ಬರಬೇಕಾದ ಹಣ ತಡವಾಗಿ ಬಂದರೆ?

ಉತ್ತರ:

ಅದನ್ನು ಬೇರೆ ಹಾಳೆಯಲ್ಲೇ ಹಾಕಿ. 265 ಸಲದ ಸಾಮಾನಿಗೆ 2,12,000, ಸಂಬಳ ಮೊದಲಾದವಕ್ಕೆ 1,85,000, ಒಟ್ಟು ತಿಂಗಳಿಗೆ ಸುಮಾರು 4 ಲಕ್ಷ. ಮೂರು ತಿಂಗಳು ತಡ ಆದರೆ 12 ಲಕ್ಷ ಕೈಯಲ್ಲಿ ಇರಬೇಕು. ಕಾಗದದ ಮೇಲೆ ಲಾಭ ಇದ್ದರೂ ಡಯಲೈಸರ್ ಕೊಳ್ಳಲು ದುಡ್ಡಿಲ್ಲದೆ ಘಟಕ ನಿಲ್ಲುವುದು ಇಲ್ಲಿಯೇ. ಹೊಸ ಯಂತ್ರಕ್ಕೆ ಎತ್ತಿಡುವ ಹಣವನ್ನು ಆ ತಿಂಗಳುಗಳಲ್ಲಿ ಎತ್ತಿಡದಿದ್ದರೆ ಸ್ವಲ್ಪ ಕಡಿಮೆ ಸಾಕು. ಕಮಿಟಿ ಸಭೆಗೆ ಮೊದಲು ಖಜಾಂಚಿಯವರನ್ನು ಒಬ್ಬರನ್ನೇ ಕೂರಿಸಿಕೊಂಡು ಈ ಹಾಳೆ ತೋರಿಸಿ. ರೋಗಿಗಳ ಪಟ್ಟಿ ಸಿದ್ಧವಾದಾಗ ಹೆಸರು, ಫೋನ್ ನಂಬರ್ ತೆಗೆದು ಇಲ್ಲಿ ಹಾಕಿದರೆ ಪಾಳಿ ಹಂಚಲು ನಾನೂ ಕೂತು ನೋಡುತ್ತೇನೆ.