ಪರ್ಟ್ ಲೆಕ್ಕದಲ್ಲಿ 80 ದಿನಕ್ಕೆ ಶೇ. 83 ಬಂದಿದೆ; ಹಳೆಯ ಶೆಡ್ಡನ್ನು ಯಾವ ದಿನದವರೆಗೆ ಉಳಿಸಿಕೊಳ್ಳಬೇಕು?

ಪ್ರಶ್ನೆ: ಲೇತ್‌ಲೆಕ್ಕ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿರುವ ನಮ್ಮ ಮೆಷಿನಿಂಗ್ ಘಟಕವು ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರವಾಗಲಿದೆ. ಹೊರದೇಶದಿಂದ ಬರಬೇಕಾದ, ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ಯಂತ್ರವನ್ನು ಹೊಸ ಶೆಡ್ಡಿನಲ್ಲಿ ಕೂರಿಸಿ, ಟ್ರಯಲ್ ಮುಗಿಸಿ, ಗ್ರಾಹಕರ ಒಪ್ಪಿಗೆ ಪಡೆಯುವವರೆಗೆ ಹಳೆಯ ಶೆಡ್ಡನ್ನು ಬಿಡುವಂತಿಲ್ಲ. ಅದರ ಬಾಡಿಗೆ ದಿನಕ್ಕೆ 6,000 ರೂಪಾಯಿಯಂತೆ ಬೀಳುತ್ತದೆ. ಖಾಲಿ ಮಾಡುವುದಾಗಿ ಮೊದಲೇ ಬರೆದುಕೊಟ್ಟ ದಿನಾಂಕ ದಾಟಿಯೂ ಅಲ್ಲೇ ಉಳಿದರೆ, ಕರಾರಿನಲ್ಲಿರುವ ದಂಡವೂ ಸೇರಿ ಒಟ್ಟು ಖರ್ಚು ದಿನಕ್ಕೆ 30,000 ರೂಪಾಯಿ ಆಗುತ್ತದೆ.

ನಾನು ಯೋಜನೆಯೊಂದು ಮುಗಿಯುವ ಅವಧಿಯನ್ನು ಅಂದಾಜಿಸುವ ಪರ್ಟ್ ವಿಧಾನದಲ್ಲಿ ಪ್ರತಿಯೊಂದು ಕೆಲಸಕ್ಕೂ ಕನಿಷ್ಠ, ಬಹುಸಂಭಾವ್ಯ ಮತ್ತು ಗರಿಷ್ಠ ಎಂಬ ಮೂರು ಅಂದಾಜುಗಳನ್ನು ತೆಗೆದುಕೊಂಡಿದ್ದೇನೆ. ಯಂತ್ರದ ತಯಾರಿಕೆಗೆ 40, 50, 72 ದಿನ. ಸಾಗಣೆ ಮತ್ತು ಕಸ್ಟಮ್ಸ್‌ಗೆ 8, 10, 24. ಜೋಡಣೆ ಮತ್ತು ಟ್ರಯಲ್‌ಗೆ 6, 9, 18. ಸೂತ್ರದ ಪ್ರಕಾರ ಇವುಗಳ ಸರಾಸರಿ 52, 12 ಮತ್ತು 10 ದಿನ, ಒಟ್ಟು 74. ಪ್ರಮಾಣಿತ ವಿಚಲನೆ (ಸರಾಸರಿಯಿಂದ ಆಚೀಚೆ ಎಷ್ಟು ಸರಿಯಬಹುದು ಎಂಬ ಅಳತೆ) 6.3 ದಿನ. ಇದೇ ನಿರ್ಣಾಯಕ ಪಥ, ಅಂದರೆ ಒಂದರ ನಂತರ ಒಂದು ನಡೆಯುವ ಕೆಲಸಗಳ ಅತಿ ಉದ್ದದ ಸರಣಿ. ಯಂತ್ರ ಬರುವುದರೊಳಗೆ ಮುಗಿಯಬೇಕಾದ ಇನ್ನೆರಡು ಕೆಲಸಗಳು ಇದರ ಜೊತೆಜೊತೆಗೇ ನಡೆಯುತ್ತವೆ: ಫೌಂಡೇಶನ್‌ಗೆ ಸರಾಸರಿ 60 ದಿನ, ವಿಚಲನೆ 6, ವಿದ್ಯುತ್ ಮಂಜೂರಾತಿ, ಪ್ಯಾನೆಲ್ ಮತ್ತು ಕೇಬಲ್ ಎಲ್ಲ ಸೇರಿ ಸರಾಸರಿ 58 ದಿನ, ವಿಚಲನೆ 8. ಯಂತ್ರದ ಪಥಕ್ಕೆ ಟ್ರಯಲ್‌ಗೂ ಮೊದಲೇ 64 ದಿನ ಬೇಕಾಗುವುದರಿಂದ ಇವೆರಡಕ್ಕೂ ಬಿಡುವಿದೆ ಎಂದು ಪಕ್ಕಕ್ಕಿಟ್ಟೆ. ಹೀಗೆ 80 ದಿನಗಳೊಳಗೆ ಎಲ್ಲ ಮುಗಿಯುವ ಸಂಭವನೀಯತೆ ಶೇ. 83 ಎಂದು ಬಂದಿದೆ.

ಹಿಂದೆ ಇದೇ ವಿಧಾನದಿಂದ ಹಾಕಿದ ದಿನಾಂಕಗಳು ಹೆಚ್ಚಾಗಿ ದಾಟಿಹೋಗಿರುವುದರಿಂದ ನಮ್ಮ ಘಟಕದ ಮಾಲೀಕರಿಗೆ ಈ ಅಂಕಿಯ ಮೇಲೆ ನಂಬಿಕೆಯಿಲ್ಲ. ಶೇ. 83ನ್ನು ನಂಬಬಹುದೇ? ನಂಬಲಾಗದಿದ್ದರೆ ಯಾವ ದಿನಾಂಕವನ್ನು ಬರೆದುಕೊಡಬೇಕು? ವಿದ್ಯುತ್ ತಡವಾದರೆ ಎಂಬ ಭಯಕ್ಕೆ ಡೀಸೆಲ್ ಜನರೇಟರ್ ಒಂದನ್ನು ಬಾಡಿಗೆಗೆ ತರೋಣ ಎಂದು ಮಾಲೀಕರು ಹೇಳುತ್ತಿದ್ದಾರೆ. ಅದಕ್ಕೆ ಎಷ್ಟು ಹಣ ಕೊಡುವುದು ನ್ಯಾಯ?

ಉತ್ತರ: ಸಂಭವ_ಗಣಿತ

ನೀವು ಹಾಕಿರುವ ಕೂಡುಕಳೆಯಲ್ಲಿ ಲೋಪವಿಲ್ಲ. ಲೋಪ ಪರ್ಟ್‌ನಲ್ಲೇ ಇದೆ. ಅಮೆರಿಕದ ನೌಕಾಪಡೆ 1958ರ ಸುಮಾರಿಗೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಈ ವಿಧಾನವನ್ನು ರೂಪಿಸಿದಾಗ ಲೆಕ್ಕ ಸುಲಭವಾಗಲೆಂದು ಅತಿ ಉದ್ದದ ಪಥವೊಂದನ್ನು ಮಾತ್ರ ಹಿಡಿದುಕೊಂಡು, ಉಳಿದ ಪಥಗಳು ಅದನ್ನು ಮೀರುವುದೇ ಇಲ್ಲವೆಂದು ಭಾವಿಸಿಕೊಳ್ಳಲಾಯಿತು. ಆದರೆ ಟ್ರಯಲ್ ಶುರುವಾಗಬೇಕಾದರೆ ಯಂತ್ರ, ಫೌಂಡೇಶನ್, ವಿದ್ಯುತ್ ಮೂರೂ ಸಿದ್ಧವಿರಬೇಕು. ಕೊನೆಯ ನೆಂಟ ಬರುವವರೆಗೆ ಎಲೆ ಹಾಕದ ಮನೆಯಲ್ಲಿ ಊಟದ ಹೊತ್ತನ್ನು ನಿರ್ಧರಿಸುವುದು ನೆಂಟರ ಸರಾಸರಿ ಹೊತ್ತಲ್ಲ, ತಡವಾಗಿ ಬಂದವರ ಹೊತ್ತು.

ನಿಮ್ಮ ಅಂಕಿಗಳಿಂದಲೇ ನೋಡೋಣ. 80ರಲ್ಲಿ ಟ್ರಯಲ್‌ನ 10 ದಿನ ಕಳೆದರೆ 70ನೆಯ ದಿನಕ್ಕೆ ಮೂರೂ ಸಿದ್ಧವಿರಬೇಕು. ಆ ದಿನದೊಳಗೆ ಯಂತ್ರ ಬರುವ ಸಂಭವನೀಯತೆ ಶೇ. 84, ಫೌಂಡೇಶನ್ ಮುಗಿಯುವುದು ಶೇ. 95, ವಿದ್ಯುತ್ ಬರುವುದು ಶೇ. 93. ಒಂದೊಂದಾಗಿ ನೋಡಿದರೆ ಎಲ್ಲವೂ ಸಮಾಧಾನಕರವೇ. ಮೂರೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎಂದಾದರೆ ಮೂರನ್ನೂ ಗುಣಿಸಬೇಕು. ಆಗ ಉಳಿಯುವುದು ಶೇ. 75. ಸರಾಸರಿಯೂ ಸರಿಯುತ್ತದೆ: ಮೂರರಲ್ಲಿ ಕೊನೆಯದು ಮುಗಿಯುವ ಸರಾಸರಿ ದಿನ 64 ಅಲ್ಲ, ಸುಮಾರು 67. ಟ್ರಯಲ್ ಮತ್ತು ಅದರ ಏರುಪೇರನ್ನೂ ಸೇರಿಸಿದರೆ ಇಡೀ ಕೆಲಸದ ಸರಾಸರಿ 77 ದಿನ, ವಿಚಲನೆ 5.3ರ ಆಸುಪಾಸು, 80 ದಿನಗಳೊಳಗೆ ಮುಗಿಯುವ ಸಂಭವನೀಯತೆ ಶೇ. 72 ಅಥವಾ 73.

ಇನ್ನೂ ಒಂದು ಗಮನಿಸಿ. ಮೂರರಲ್ಲಿ ಯಾವುದು ಕೊನೆಯದಾಗಬಹುದು ಎಂದು ಲೆಕ್ಕ ಹಾಕಿದರೆ ಯಂತ್ರದ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ; ವಿದ್ಯುತ್ತಿನ ಪಾಲು ಸುಮಾರು ಐದರಲ್ಲಿ ಒಂದು; ಮಿಕ್ಕಿದ್ದು ಫೌಂಡೇಶನ್‌ನದು. ಅಂದರೆ ಬಿಡುವಿದೆ ಎಂದು ನೀವು ಪಕ್ಕಕ್ಕಿಟ್ಟ ಪಥಗಳು ಹೆಚ್ಚುಕಡಿಮೆ ಅರ್ಧದಷ್ಟು ಸಂದರ್ಭಗಳಲ್ಲಿ ದಿನಾಂಕವನ್ನು ನಿರ್ಧರಿಸುತ್ತವೆ. ನಿಮ್ಮ ಹಿಂದಿನ ದಿನಾಂಕಗಳು ದಾಟಿಹೋದದ್ದಕ್ಕೆ ಇದು ಸಾಕಷ್ಟು ಕಾರಣ.

ಪರ್ಟ್ ರೂಪಿಸಿದವರಲ್ಲಿ ಒಬ್ಬರಾದ ಚಾರ್ಲ್ಸ್ ಕ್ಲಾರ್ಕ್ ಅವರೇ 1961ರಲ್ಲಿ, ಹಲವು ಅನಿಶ್ಚಿತ ಅವಧಿಗಳಲ್ಲಿ ಅತಿ ದೊಡ್ಡದರ ಸರಾಸರಿಯನ್ನು ಅಂದಾಜಿಸುವ ಸೂತ್ರವನ್ನು ಪ್ರಕಟಿಸಿದ್ದಾರೆ. ಮೇಲಿನ 67 ಬಂದದ್ದು ಅದರಿಂದಲೇ. ಪಠ್ಯಪುಸ್ತಕಗಳು ಮಾತ್ರ ಇಂದಿಗೂ ಮೊದಲಿನ ಸರಳ ಲೆಕ್ಕವನ್ನೇ ಕಲಿಸಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ.

ಉತ್ತರ: ಖರೀದಿಮೇಜು

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಸೂತ್ರಕ್ಕಿಂತ ಮೊದಲು ಅದರೊಳಗೆ ಹಾಕಿದ ಅಂಕಿಗಳನ್ನು ವಿಚಾರಿಸಬೇಕು ಎಂಬುದು ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಅಭಿಪ್ರಾಯ. 40, 50, 72 ಎಂಬ ಅಂದಾಜನ್ನು ಕೊಟ್ಟವರು ಯಾರು? ಯಂತ್ರ ಮಾರುವವರ ಪ್ರತಿನಿಧಿಯೇ ಕೊಟ್ಟಿದ್ದರೆ ಅದು ಅಂದಾಜಲ್ಲ, ಆರ್ಡರ್ ಪಡೆಯಲು ಹೇಳಿದ ಮಾತು.

ಪರ್ಟ್ ಸೂತ್ರವು ಬಹುಸಂಭಾವ್ಯ ಅಂಕಿಗೆ ನಾಲ್ಕು ಪಾಲು ತೂಕ ಕೊಟ್ಟು ಎರಡು ತುದಿಗಳಿಗೆ ಒಂದೊಂದು ಪಾಲು ಕೊಡುತ್ತದೆ. ಈ ತೂಕ ಯಾವ ಕಾರ್ಖಾನೆಯ ಅನುಭವದಿಂದಲೂ ಬಂದದ್ದಲ್ಲ. ಸಂಭವನೀಯತೆ ಯಾವ ದಿನಕ್ಕೆ ಎಷ್ಟು ಹಂಚಿಹೋಗುತ್ತದೆ ಎಂದು ತೋರಿಸುವ ಬೀಟಾ ವಿತರಣೆ ಎಂಬ ರೇಖೆಯನ್ನು ಸರಳಗೊಳಿಸಲು ಮಾಡಿಕೊಂಡ ಏರ್ಪಾಡು. ಅದೇ ಮೂರು ಅಂಕಿಗಳಿಗೆ ತ್ರಿಕೋನ ವಿತರಣೆಯನ್ನು ಹಿಡಿದರೆ ಮೂರಕ್ಕೂ ಸಮತೂಕ ಸಿಗುತ್ತದೆ. ಆಗ ತಯಾರಿಕೆಯ ಸರಾಸರಿ 54, ಸಾಗಣೆ ಮತ್ತು ಕಸ್ಟಮ್ಸ್ 14, ಟ್ರಯಲ್ 11, ಒಟ್ಟು 79 ದಿನ, ವಿಚಲನೆಯೂ 6.3ರಿಂದ 8ಕ್ಕೆ ಏರುತ್ತದೆ. ಉಳಿದ ಪಥಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ ನಿಮ್ಮ ಶೇ. 83 ಇಳಿದು ಶೇ. 55 ಆಗುತ್ತದೆ. ಒಂದು ಅಂದಾಜನ್ನೂ ಬದಲಿಸಿಲ್ಲ. ಅಂದಾಜುಗಳ ನಡುವೆ ಎಳೆದ ರೇಖೆಯ ಆಕಾರವನ್ನು ಮಾತ್ರ ಬದಲಿಸಿದ್ದೇವೆ.

ಯಾವ ಆಕಾರ ಸರಿ ಎಂದು ವಾದ ಮಾಡುವುದಕ್ಕಿಂತ ನಿಮ್ಮ ಹಳೆಯ ಖರೀದಿ ಆದೇಶಗಳನ್ನು ತೆಗೆದು ನೋಡುವುದು ಮೇಲು. ಒಪ್ಪಿದ ದಿನ ಎಷ್ಟು, ಸರಕು ಒಳಬಂದ ದಿನ ಎಷ್ಟು ಎಂಬುದು ಗೇಟಿನ ಪುಸ್ತಕದಲ್ಲೇ ಇರುತ್ತದೆ. ಎರಡರ ಅನುಪಾತವನ್ನು ಪ್ರತಿ ಆದೇಶಕ್ಕೂ ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಿಮ್ಮ ಪೂರೈಕೆದಾರರ ನಿಜವಾದ ವಿತರಣೆ ಕಣ್ಣಿಗೆ ಕಾಣುತ್ತದೆ. ಮನೋವಿಜ್ಞಾನಿಗಳಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1970ರ ದಶಕದ ಕೊನೆಯಲ್ಲಿ ಹೇಳಿದ್ದು ಇದನ್ನೇ: ಕೈಯಲ್ಲಿರುವ ಕೆಲಸದ ವಿವರಗಳನ್ನೇ ನೋಡುತ್ತ ಕೂತವರು ಅವಧಿಯನ್ನು ಕಡಿಮೆ ಅಂದಾಜಿಸುತ್ತಾರೆ, ಅಂಥದೇ ಹಳೆಯ ಕೆಲಸಗಳು ನಿಜವಾಗಿ ಎಷ್ಟು ಕಾಲ ಹಿಡಿದವು ಎಂಬುದರಿಂದ ಶುರುಮಾಡಿದವರು ಸತ್ಯಕ್ಕೆ ಹತ್ತಿರ ಬರುತ್ತಾರೆ. ನಿಮ್ಮಲ್ಲಿ ಹೊರದೇಶದ ಯಂತ್ರಗಳ ಆದೇಶಗಳು ಬೆರಳೆಣಿಕೆಯಷ್ಟೇ ಇರಬಹುದು. ಆದರೂ ಪ್ರತಿನಿಧಿಯ ಮಾತಿಗಿಂತ ಅವು ವಾಸಿ.

ಉತ್ತರ: ಶೆಡ್_ಮತ್ತು_ಶೇಕಡಾ

ಪ್ರಶ್ನೆಯ ಮುಖ್ಯ ಭಾಗಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಸಂಭವನೀಯತೆ ಎಷ್ಟು ಎಂಬುದಕ್ಕಿಂತ ಎಷ್ಟು ಸಂಭವನೀಯತೆಯ ದಿನಾಂಕವನ್ನು ಆರಿಸಬೇಕು ಎಂಬುದೇ ಇಲ್ಲಿನ ನಿರ್ಧಾರ, ಮತ್ತು ಅದಕ್ಕೆ ಬೇಕಾದ ಎರಡೂ ಅಂಕಿಗಳನ್ನು ನೀವೇ ಕೊಟ್ಟಿದ್ದೀರಿ.

ಬರೆದುಕೊಡುವ ದಿನಾಂಕವನ್ನು ಒಂದು ದಿನ ಮುಂದಕ್ಕೆ ಹಾಕಿದರೆ 6,000 ರೂಪಾಯಿ ಖಂಡಿತವಾಗಿ ಹೋಗುತ್ತದೆ. ಅದರಿಂದ ಉಳಿಯುವುದು, ಆ ದಿನವೂ ಕೆಲಸ ಮುಗಿದಿರದಿದ್ದರೆ ಮಾತ್ರ, 30,000. ಆದ್ದರಿಂದ ಕೆಲಸ ಮುಗಿದಿರದ ಸಂಭವನೀಯತೆ ಶೇ. 20ಕ್ಕಿಂತ ಹೆಚ್ಚಿರುವಷ್ಟು ಕಾಲ ದಿನಾಂಕವನ್ನು ಮುಂದಕ್ಕೆ ಹಾಕುತ್ತ ಹೋಗುವುದು ಲಾಭ, ಶೇ. 20ಕ್ಕೆ ಇಳಿದ ದಿನ, ಅಂದರೆ ಮುಗಿದಿರುವ ಸಂಭವನೀಯತೆ ಶೇ. 80 ಆದ ದಿನ, ನಿಲ್ಲಬೇಕು. ಪತ್ರಿಕೆ ಮಾರುವವನು ಬೆಳಿಗ್ಗೆ ಎಷ್ಟು ಪ್ರತಿ ತರಿಸಬೇಕು ಎಂಬ ಹಳೆಯ ಸಮಸ್ಯೆಗೆ ಕಾರ್ಯಾಚರಣೆ ಸಂಶೋಧನೆಯಲ್ಲಿ ಕೊಡುವ ಉತ್ತರವೂ ಇದೇ. ನೀವು ಬರೆದಿರುವ ಏಕಪಥದ ಲೆಕ್ಕದಲ್ಲಿ ಶೇ. 80ರ ದಿನ 79 ಅಥವಾ 80. ಮೂರೂ ಪಥಗಳನ್ನು ಹಿಡಿದರೆ 81 ಅಥವಾ 82. ಯಂತ್ರದ ಪಥಕ್ಕೆ ತ್ರಿಕೋನ ವಿತರಣೆ ಹಿಡಿದು ಉಳಿದವನ್ನೂ ಸೇರಿಸಿದರೆ 86 ಅಥವಾ 87. ನನ್ನ ಮಟ್ಟಿಗೆ ಕೊನೆಯದೇ ಹೆಚ್ಚು ನಂಬಲರ್ಹ, ಏಕೆಂದರೆ ಗರಿಷ್ಠ ಅಂದಾಜು ಎಂದು ಜನ ಹೇಳುವುದು ಸಾಮಾನ್ಯವಾಗಿ ನಿಜವಾದ ಗರಿಷ್ಠವಾಗಿರುವುದಿಲ್ಲ.

ಜನರೇಟರ್ ವಿಷಯದಲ್ಲಿ ಉತ್ತರ ನಿಮ್ಮ ಮಾಲೀಕರಿಗೆ ಹಿಡಿಸಲಾರದು. ವಿದ್ಯುತ್ತಿನ ಪಥವನ್ನು ಪೂರ್ತಿ ತೆಗೆದುಹಾಕಿ, ನಿಮ್ಮ ಪರ್ಟ್ ಅಂಕಿಗಳಿಂದಲೇ ಮತ್ತೆ ಲೆಕ್ಕ ಹಾಕಿದೆ. ಸರಾಸರಿ 77ರಿಂದ 76ರ ಹತ್ತಿರಕ್ಕೆ ಬರುತ್ತದೆ, ಶೇ. 80ರ ದಿನ ಒಂದೇ ದಿನದಷ್ಟು ಹಿಂದೆ ಬರುತ್ತದೆ, ಬಾಡಿಗೆ ಮತ್ತು ದಂಡ ಸೇರಿದ ಸರಾಸರಿ ಖರ್ಚಿನಲ್ಲಿ ಉಳಿಯುವುದು ಸುಮಾರು 5,000 ರೂಪಾಯಿ. ಸಿಎನ್‌ಸಿ ಯಂತ್ರದ ಟ್ರಯಲ್ ನಡೆಸಬಲ್ಲ ಜನರೇಟರಿನ ಬಾಡಿಗೆ, ಸಾಗಣೆ, ಡೀಸೆಲ್ ಯಾವುದೂ ಇಷ್ಟರಲ್ಲಿ ಮುಗಿಯುವುದಿಲ್ಲ. ಕಾರಣ ಸ್ಪಷ್ಟವಿದೆ: ವಿದ್ಯುತ್ ತಡವಾದ ಹಲವು ಸಂದರ್ಭಗಳಲ್ಲಿ ಯಂತ್ರವೋ ಫೌಂಡೇಶನ್ನೋ ಕೂಡ ತಡವಾಗಿರುತ್ತದೆ, ಆಗ ಜನರೇಟರ್ ಸುಮ್ಮನೆ ನಿಂತಿರುತ್ತದೆ.

ಒಂದು ವಿನಾಯಿತಿ ಇದೆ. ವಿದ್ಯುತ್ತಿನ ತಡ ಎಂಟು ಹತ್ತು ದಿನಗಳಲ್ಲಿ ನಿಲ್ಲದೆ, ತಪಾಸಣೆಯ ಸರದಿ ಒಮ್ಮೆ ತಪ್ಪಿದರೆ ಮುಂದಿನ ತಿಂಗಳಿಗೇ ಹೋಗುವಂಥದ್ದಾದರೆ, ಸರಾಸರಿ 58 ಮತ್ತು ವಿಚಲನೆ 8 ಎಂಬ ವಿವರಣೆಯೇ ತಪ್ಪು. ಆಗ ಜನರೇಟರಿನ ಬೆಲೆ ಬೇರೆಯಾಗುತ್ತದೆ. ಈಗಲೇ ತರಿಸಬೇಡಿ, ಯಾರ ಬಳಿ ಸಿಗುತ್ತದೆ, ಎಷ್ಟು ದಿನ ಮೊದಲು ಹೇಳಬೇಕು ಎಂದು ಮಾತ್ರ ವಿಚಾರಿಸಿಟ್ಟುಕೊಳ್ಳಿ.

ಲೇತ್‌ಲೆಕ್ಕ

ಮೂವರಿಗೂ ಧನ್ಯವಾದಗಳು. ಎರಡು ವಿಷಯಗಳನ್ನು ಸೇರಿಸಬೇಕು. ಮೊದಲನೆಯದು, ಫೌಂಡೇಶನ್ ಮತ್ತು ಕೇಬಲ್ ಕೆಲಸ ಎರಡನ್ನೂ ಒಬ್ಬರೇ ಗುತ್ತಿಗೆದಾರರು ಮಾಡುತ್ತಿದ್ದಾರೆ. ಎರಡನೆಯದು, ಕರಾರಿನ ಪ್ರಕಾರ ಖಾಲಿ ಮಾಡುವ ದಿನಾಂಕವನ್ನು 30 ದಿನ ಮೊದಲು ಬರೆದುಕೊಟ್ಟರೆ ಸಾಕು, ಇಂದೇ ಕೊಡಬೇಕೆಂದಿಲ್ಲ. ಇವುಗಳಿಂದ ಲೆಕ್ಕ ಬದಲಾಗುತ್ತದೆಯೇ?

ಉತ್ತರ: ಸಂಭವ_ಗಣಿತ

ಮೊದಲನೆಯದರಿಂದ ಸ್ವಲ್ಪ, ಎರಡನೆಯದರಿಂದ ಬಹಳ.

ಒಬ್ಬರೇ ಗುತ್ತಿಗೆದಾರರಾದರೆ ಎರಡು ಪಥಗಳ ತಡ ಜೊತೆಯಾಗಿ ಬರುತ್ತದೆ, ಹಾಗಾಗಿ ನಾನು ಸಂಭವನೀಯತೆಗಳನ್ನು ನೇರವಾಗಿ ಗುಣಿಸಿದ್ದು ತುಸು ಕಠಿಣವಾಯಿತು. ನಿಜವಾದ ಅಂಕಿ ಶೇ. 75ಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆದರೆ ಇದೇ ಸಂಬಂಧ ಒಂದೇ ಪಥದೊಳಗೆ ಇದ್ದರೆ ಪರಿಣಾಮ ತಿರುಗಿ ಬೀಳುತ್ತದೆ. ಯಂತ್ರದ ತಯಾರಿಕೆ ಮತ್ತು ಸಾಗಣೆ ಎರಡೂ ಒಬ್ಬರದೇ ಹೊಣೆಯಾಗಿ, ಒಂದು ತಡವಾದಾಗ ಇನ್ನೊಂದೂ ತಡವಾಗುವುದಾದರೆ, ವಿಚಲನೆಗಳನ್ನು ವರ್ಗಮಾಡಿ ಕೂಡಿಸಿ ವರ್ಗಮೂಲ ತೆಗೆಯುವ ಬದಲು ಹಾಗೆಯೇ ಕೂಡಿಸಬೇಕಾದೀತು: ಟ್ರಯಲ್ ಬಿಟ್ಟು ಆ ಪಥದ ವಿಚಲನೆ 6 ದಿನ ಇದ್ದದ್ದು 8 ದಿನವಾಗುತ್ತದೆ.

ಇನ್ನು 30 ದಿನಗಳ ನೋಟಿಸು. 81ರಿಂದ 87ರ ನಡುವಿನ ದಿನಾಂಕವೊಂದನ್ನು ಬರೆದುಕೊಡಲು ನಿಮಗೆ 50ನೆಯ ದಿನದವರೆಗೆ ಅವಕಾಶವಿದೆ ಎಂದಾಯಿತು. ನಿಮ್ಮ ಅನಿಶ್ಚಿತತೆಯ ಬಹುಭಾಗ ಇರುವುದು ಯಂತ್ರದ ತಯಾರಿಕೆಯಲ್ಲಿ, ಮತ್ತು ಅದರ ಬಹುಸಂಭಾವ್ಯ ಅವಧಿ 50 ದಿನ. ಆ ಹೊತ್ತಿಗೆ ಯಂತ್ರ ಕಾರ್ಖಾನೆಯಿಂದ ಹೊರಟಿದ್ದರೆ ಆ ಪಥದಲ್ಲಿ ಉಳಿಯುವುದು ಸಾಗಣೆ ಮತ್ತು ಕಸ್ಟಮ್ಸ್ ಮಾತ್ರ, ವಿಚಲನೆ 6ರಿಂದ 2.7 ದಿನಕ್ಕೆ ಇಳಿಯುತ್ತದೆ. ಆಗ ದಿನಾಂಕವನ್ನು ನಿರ್ಧರಿಸುವವರು ನಿಮ್ಮ ಗುತ್ತಿಗೆದಾರರು. ಹೊರಟಿಲ್ಲವಾದರೆ 80ರ ಮಾತನ್ನೇ ಬಿಟ್ಟು, ಮಾರಾಟಗಾರರಿಂದ ಯಂತ್ರದ ಅಂತಿಮ ತಪಾಸಣೆಯ ದಿನಾಂಕವನ್ನು ಲಿಖಿತವಾಗಿ ಕೇಳಿ. ಹೊಸ ಸ್ಥಿತಿಯನ್ನು ಹಾಕಿ ಶೇ. 80ರ ದಿನವನ್ನು ಮತ್ತೆ ತೆಗೆಯಿರಿ.

ಇದಕ್ಕೆ ಎಕ್ಸೆಲ್ ಹಾಳೆಯೊಂದು ಸಾಕು. ಪ್ರತಿ ಸಾಲಿನಲ್ಲಿ ಪ್ರತಿ ಕೆಲಸಕ್ಕೂ ಯಾದೃಚ್ಛಿಕ ಅವಧಿಯೊಂದನ್ನು ತೆಗೆದು, ಮೂರು ಪಥಗಳಲ್ಲಿ ದೊಡ್ಡದನ್ನು ಹಿಡಿದು ಟ್ರಯಲ್ ಕೂಡಿಸಿ, ಅಂಥ ಐದು ಸಾವಿರ ಸಾಲು ಎಳೆದು ಕೊನೆಯ ಕಂಬಸಾಲನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ; 4,000ನೆಯ ಸಾಲಿನಲ್ಲಿರುವ ಅಂಕಿಯೇ ನಿಮ್ಮ ದಿನ. ಕೆಲಸಗಳು ಮುಗಿದಂತೆಲ್ಲ ಆ ಕೋಶದಲ್ಲಿ ಯಾದೃಚ್ಛಿಕ ಸೂತ್ರವನ್ನು ಅಳಿಸಿ ನಿಜವಾದ ದಿನಗಳನ್ನು ತುಂಬುತ್ತ ಬನ್ನಿ. 45ನೆಯ ದಿನದ ಹೊತ್ತಿಗೆ ಒಮ್ಮೆ ಹೀಗೆ ಮಾಡಿ ಬಂದ ಅಂಕಿಗಳನ್ನು ಇಲ್ಲಿ ಹಾಕಿದರೆ, ನೋಟಿಸು ಕೊಡುವ ಮೊದಲು ನಾವೂ ಒಮ್ಮೆ ಪರಿಶೀಲಿಸಬಹುದು.