ಅರ್ಜೆಂಟಾಗಿ ಒಂದು ಪದ ಬೇಕು: ಮಾಡೆಲ್ ವಿಮಾನಕ್ಕೆ ಕೂರಿಸುವ ಡೆಕಾಲ್

ರಾಜಾಜಿನಗರದಿಂದ:

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ಒಂದು ಪದ ಬೇಕು. ಭಾನುವಾರ ನಮ್ಮ ಬಡಾವಣೆಯ ಲೈಬ್ರರಿ ಹಾಲಿನಲ್ಲಿ ನಾವು ಐದಾರು ಜನ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರು ಸೇರಿ ಸಣ್ಣ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಪ್ರತಿ ಮಾಡೆಲ್ ಪಕ್ಕ ಕನ್ನಡದಲ್ಲಿ ಒಂದು ಕಾರ್ಡ್ ಇರಬೇಕು ಅಂತ ಬೊಬ್ಬೆ ಹೊಡೆದವನು ನಾನೇ, ಈಗ ಸಿಕ್ಕಿಹಾಕಿಕೊಂಡವನೂ ನಾನೇ.

ನನ್ನದು ಜಪಾನಿನ ಹಸೆಗಾವಾ ಕಂಪನಿಯ ಎಫ್-22 ರಾಪ್ಟರ್, ಅಂದರೆ ಅಮೆರಿಕದ ಯುದ್ಧವಿಮಾನದ ಮಾಡೆಲ್. ನಿಜವಾದ ವಿಮಾನ 18.9 ಮೀಟರ್ ಉದ್ದ, ಇದು ಅದರ ಪುಟ್ಟ ನಕಲು. ಆದರೆ ಬೂದು ಬಣ್ಣದ ಮಾಮೂಲಿ ರಾಪ್ಟರ್ ಅಲ್ಲ. 2007ರಲ್ಲಿ ಬಂದ ಏಸ್ ಕಾಂಬ್ಯಾಟ್ 6 ಅನ್ನೋ ವಿಡಿಯೋ ಗೇಮಿನಲ್ಲಿ, ಅದೇ ಕಂಪನಿಯ ಐಡಲ್‌ಮಾಸ್ಟರ್ ಅನ್ನೋ ಇನ್ನೊಂದು ಗೇಮಿನ ಹಾಡುಗಾರ್ತಿ ಹುಡುಗಿಯರ ಚಿತ್ರ ಹೊತ್ತ ಯುದ್ಧವಿಮಾನಗಳನ್ನು ಬಿಟ್ಟಿದ್ದರು. ಅದು ಎಷ್ಟು ಹಿಡಿಸಿತೆಂದರೆ ಹಸೆಗಾವಾದವರು ಅದನ್ನೇ ಕಿಟ್ ಮಾಡಿ ಮಾರಿದರು. ನನ್ನ ವಿಮಾನದ ಬೆನ್ನ ಮೇಲೆ ಇರುವವಳು ಮಿಕಿ ಅನ್ನುವ ಹುಡುಗಿ. ಹೆಂಡತಿ ನೋಡಿ ಏನೂ ಹೇಳಲಿಲ್ಲ, ಮಗಳು ಮಾತ್ರ ಇದನ್ನು ಮನೆಯ ಹಾಲಿನಲ್ಲಿ ಇಡಬೇಡ ಅಂದಳು.

ವಿಷಯಕ್ಕೆ ಬರುತ್ತೇನೆ. ಈ ಚಿತ್ರಗಳು ಬಣ್ಣದಲ್ಲಿ ಬರೆದದ್ದಲ್ಲ, ಡೆಕಾಲ್. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಂಡ್ಯದಿಂದ:

ಸ್ಟಿಕ್ಕರ್. ಮುಗೀತು.

ರಾಜಾಜಿನಗರದಿಂದ:

ಮುಗೀಲಿಲ್ಲ ಸಾರ್. ಸ್ಟಿಕ್ಕರ್ ಅಂದರೆ ಹಿಂದಿನ ಕಾಗದ ಕಿತ್ತು ಅಂಟಿಸೋದು. ಒಂದು ಸಲ ಕೂತರೆ ಕೂತಿತು, ಅಂಚು ಕೈಗೆ ತಾಗುತ್ತೆ. ಜೆ.ಸಿ. ರಸ್ತೆಯಲ್ಲಿ ರೇಡಿಯಂ ಕಟಿಂಗ್ ಮಾಡ್ತಾರಲ್ಲ, ಆ ಜಾತಿ. ಡೆಕಾಲ್ ಬೇರೆ. ಕಾಗದದ ಮೇಲೆ ನೀರಿಗೆ ಕರಗುವ ಗೋಂದು, ಅದರ ಮೇಲೆ ಕೂದಲಿಗಿಂತ ತೆಳ್ಳಗಿನ ಹಾಳೆ, ಹಾಳೆಯಲ್ಲಿ ಅಚ್ಚಾದ ಚಿತ್ರ. ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ, ಬಟ್ಟೆಯ ಮೇಲೆ ಒಂದು ನಿಮಿಷ ಬಿಡಬೇಕು. ಗೋಂದು ಸಡಿಲವಾದ ಮೇಲೆ ಕಾಗದವನ್ನು ರೆಕ್ಕೆಯ ಹತ್ತಿರ ಹಿಡಿದು, ಚಿತ್ರವನ್ನು ಬ್ರಶ್ಶಿನಿಂದ ಮೆಲ್ಲಗೆ ಜಾರಿಸಬೇಕು. ನೀರು ಇರುವ ತನಕ ಅತ್ತಿತ್ತ ಸರಿಸಬಹುದು. ಆಮೇಲೆ ಮೇಲಿಂದ ಸಾಫ್ಟರ್ ದ್ರಾವಣ ಹಚ್ಚಿದರೆ ಹಾಳೆ ಮೆತ್ತಗಾಗಿ, ವಿಮಾನದ ಗೆರೆ ಸಂದುಗಳ ಒಳಗೂ ಇಳಿದು ಬಣ್ಣದ ಹಾಗೇ ಕಾಣುತ್ತೆ. ಸಾಫ್ಟರ್ ಹಾಕಿದ ತಕ್ಷಣ ಸುಕ್ಕುಗಟ್ಟುತ್ತೆ, ಎದೆ ಧಸಕ್ ಅನ್ನುತ್ತೆ, ಆಗ ಮುಟ್ಟಬಾರದು. ಒಣಗಿದಾಗ ತಾನೇ ಬಿಗಿದುಕೊಳ್ಳುತ್ತೆ. ನಾನು ಮುಟ್ಟಿದೆ. ಮಿಕಿಯ ಎಡಗೈ ಈಗ ಎರಡು ತುಂಡು.

ಹಾಗಾಗಿ ಸ್ಟಿಕ್ಕರ್ ಅಂತ ಬರೆದರೆ ನನ್ನ ಮೂರು ವಾರದ ಕೆಲಸಕ್ಕೆ ಅವಮಾನ.

ತುಮಕೂರಿನಿಂದ:

ಅಂಟುಚಿತ್ರ ಅನ್ನಬಹುದಲ್ವಾ?

ಧಾರವಾಡದಿಂದ, ನಿವೃತ್ತ ಮೇಷ್ಟರು:

ಅಂಟುಚಿತ್ರ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಜೋಡಿಪದ. ಆಗದು.

ಮಂಡ್ಯದಿಂದ:

ಮೇಷ್ಟ್ರೇ, ಮಳೆಗಾಲ ಅಂತ ನಿಮ್ಮ ಮನೇಲಿ ಹೇಳಲ್ವಾ? ಛತ್ರಿ ಹಿಡಿಯೋ ಮುಂಚೆ ವ್ಯಾಕರಣ ಬರೆದ ಕೇಶಿರಾಜನ್ನ ಕೇಳ್ತೀರಾ?

ಧಾರವಾಡದಿಂದ:

ಮಳೆಗಾಲ ರೂಢಿಯಿಂದ ಗಟ್ಟಿಯಾದ ಪದ. ರೂಢಿಗೆ ಬಂದದ್ದನ್ನು ಯಾರೂ ಕೀಳಲಿಕ್ಕೆ ಹೋಗುವುದಿಲ್ಲ. ಹೊಸ ಪದ ಕಟ್ಟುವಾಗಲಾದರೂ ನೆಟ್ಟಗೆ ಕಟ್ಟಬೇಡವೇ? ಇಡೀ ಕನ್ನಡವಾದರೆ ಇಡೀ ಕನ್ನಡ, ಸಂಸ್ಕೃತವಾದರೆ ಸಂಸ್ಕೃತ. ಅರ್ಧ ಪಂಚೆ ಅರ್ಧ ಪ್ಯಾಂಟು ಬೇಡ.

ಶಿವಮೊಗ್ಗದಿಂದ:

ಹಚ್ಚೆ ಅನ್ನಿ. ಇಷ್ಟು ಹೊತ್ತು ಯಾರೂ ಹೇಳಲಿಲ್ಲ ಅನ್ನೋದೇ ಆಶ್ಚರ್ಯ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಒಂದು ಚಿಕ್ಕ ಕಾಗದ ಬರ್ತಿತ್ತು, ಕೈ ಮೇಲಿಟ್ಟು ನೀರು ಹಾಕಿ ಒತ್ತಿದರೆ ಚಿತ್ರ ಮೂಡ್ತಿತ್ತು. ಅದನ್ನು ನಾವೆಲ್ಲ ಹಚ್ಚೆ ಅಂತಲೇ ಕರೀತಿದ್ದೆವು. ಇವರ ಡೆಕಾಲ್‌ಗೂ ಅದಕ್ಕೂ ಏನು ವ್ಯತ್ಯಾಸ? ಅದು ಚರ್ಮಕ್ಕೆ, ಇದು ಪ್ಲಾಸ್ಟಿಕ್ಕಿಗೆ. ಬೇಕಿದ್ದರೆ ನೀರುಹಚ್ಚೆ ಅನ್ನಿ. ಪದದ ಒಳಗೇ ಕೆಲಸ ಇದೆ ನೋಡಿ. ಹಚ್ಚುವುದರಿಂದ ಹಚ್ಚೆ. ಬೆಂಕಿ ಹತ್ತಿತು, ಬೆಂಕಿ ಹಚ್ಚಿದ. ಬಣ್ಣ ಹತ್ತಿತು, ಬಣ್ಣ ಹಚ್ಚಿದ. ಹತ್ತಿಕೊಳ್ಳುವ ಹಾಗೆ ಮಾಡಿದ್ದೇ ಹಚ್ಚೆ.

ಧಾರವಾಡದಿಂದ:

ಪದ ಒಪ್ಪಿದೆ. ಕಾರಣ ಪೂರ್ತಿ ತಪ್ಪು. ಹಚ್ಚೆ ಬಂದದ್ದು ಪಚ್ಚೆಯಿಂದ. ಹಳಗನ್ನಡದ ಪಕಾರ ಹಕಾರ ಆಯಿತು, ಪಾಲು ಹಾಲಾದಂತೆ, ಪಾವು ಹಾವಾದಂತೆ. ಪಚ್ಚೆ ಅಂದರೆ ಹಸಿರು. ಅಜ್ಜಿಯರ ಮುಂಗೈ ಮೇಲೆ ಹಸಿರು ಚುಕ್ಕಿ ನೋಡಿಲ್ಲವೇ? ತಮಿಳರು ಇವತ್ತಿಗೂ ಪಚ್ಚೈ ಕುತ್ತುವುದು ಎನ್ನುತ್ತಾರೆ, ತೆಲುಗರು ಪಚ್ಚಬೊಟ್ಟು ಎನ್ನುತ್ತಾರೆ. ಮೂರು ಭಾಷೆ ಒಂದೇ ಬಣ್ಣ ಹೇಳುವಾಗ ನೀವೊಬ್ಬರು ಬೆಂಕಿ ಹಚ್ಚಿಕೊಂಡು ಕೂತರೆ ಹೇಗೆ?

ಹಾಗೆಯೇ ನೀರುಹಚ್ಚೆ ಎಂದರೆ ನೀರಿನ ಹಸಿರು ಎಂದಾಗುತ್ತದೆ. ಅದಕ್ಕೆ ಪಾಚಿ ಎಂಬ ಪದ ಈಗಾಗಲೇ ಇದೆ.

ಶಿವಮೊಗ್ಗದಿಂದ:

ಸರಿ, ಪಚ್ಚೆ ಒಪ್ಪಿಕೊಂಡೆ, ತಮಿಳಿನ ಸಾಕ್ಷಿ ಗಟ್ಟಿಯಾಗಿದೆ. ಆದರೆ ಇವತ್ತು ಹಚ್ಚೆ ಅಂದಾಗ ಯಾರ ತಲೆಯಲ್ಲಿ ಹಸಿರು ಬರುತ್ತೆ? ಎಂ.ಜಿ. ರಸ್ತೆಯಲ್ಲಿ ಕೆಂಪು ನೀಲಿ ಹಚ್ಚೆ ಹಾಕಿಸಿಕೊಂಡವರನ್ನು ಕೇಳಿ. ಪಾಚಿ ಅಂತೆ.

ಜಪಾನಿನ ಹಮಾಮಾತ್ಸುವಿನಿಂದ:

ಈ ಮಾಡೆಲ್‌ಗಳ ತವರಿನಲ್ಲೇ ಇದ್ದೇನೆ, ಅದಕ್ಕೆ ನಡುವೆ ಬಾಯಿ ಹಾಕ್ತೀನಿ. ಹಸೆಗಾವಾ ಇರೋದು ಯೈಜು ಊರಿನಲ್ಲಿ, ತಮಿಯಾ ಮತ್ತು ಆಓಶಿಮಾ ಶಿಜುವೊಕಾ ನಗರದಲ್ಲಿ, ಎಲ್ಲವೂ ನಮ್ಮದೇ ಪ್ರಾಂತ್ಯ. ಇಲ್ಲಿನವರು ಇದಕ್ಕೆ ಏನಂತಾರೆ ಗೊತ್ತಾ? ದೆಕಾರು. ಅಷ್ಟೇ. ಡೆಕಾಲ್ ಅನ್ನೋದನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ. ಪ್ಲಾಸ್ಟಿಕ್ ಮಾಡೆಲ್ ಅನ್ನೋದನ್ನು ಕತ್ತರಿಸಿ ಪುರಾಮೊ ಅಂತಾರೆ. ಆನಿಮೆ ಅನ್ನೋದೇ ಆನಿಮೇಶನ್ ಪದದ ಬಾಲ ಕತ್ತರಿಸಿದ್ದು. ಎರವಲು ತಂದು, ಮೊಟಕು ಮಾಡಿ, ಈಗ ಇಡೀ ಲೋಕಕ್ಕೆ ಅದನ್ನೇ ವಾಪಸ್ ಮಾರುತ್ತಿದ್ದಾರೆ.

ಇನ್ನೊಂದು ಪದ ನಿಮ್ಮ ಕಾರ್ಡಿಗೆ ಬೇಕಾಗಬಹುದು. ಇಂಥ ಹುಡುಗಿಯರ ಚಿತ್ರ ಮೆತ್ತಿಕೊಂಡ ಕಾರಿಗೆ ಇತಾಶಾ ಅಂತಾರೆ. ಮೊದಲು ಇಟಲಿಯಿಂದ ತರಿಸಿದ ಕಾರಿಗೆ ಆ ಹೆಸರಿತ್ತು. ಇತಾಇ ಅಂದರೆ ನೋವು, ಶಾ ಅಂದರೆ ಗಾಡಿ. ಅದೇ ಸದ್ದಿನ ಮೇಲೆ ಆಟ ಆಡಿ, ನೋಡಿದರೆ ನೋವಾಗುವ ಗಾಡಿ ಅಂತ ತಮ್ಮನ್ನೇ ಗೇಲಿ ಮಾಡಿಕೊಂಡರು. ಆಓಶಿಮಾದವರು 1/24 ಅಳತೆಯಲ್ಲಿ ಇತಾಶಾ ಕಾರುಗಳ ಸಾಲನ್ನೇ ತಂದಿದ್ದಾರೆ. ಕಾರಿಗೆ ಮಾತ್ರ ಅಲ್ಲ. ಚಿಬಾ ಪ್ರಾಂತ್ಯದ ಕಿಸಾರಜು ಸೇನಾ ನೆಲೆಯಲ್ಲಿ ನಿಜವಾದ ಕೋಬ್ರಾ ಹೆಲಿಕಾಪ್ಟರಿನ ಮೇಲೆ ಅಕಾನೆ ಅನ್ನೋ ಹುಡುಗಿಯ ಚಿತ್ರ ಬರೆದಿದ್ದರು. ಸೇನೆಯ ಹೆಲಿಕಾಪ್ಟರ್ ಸ್ವಾಮಿ. ಹಸೆಗಾವಾ ಅದರ ಕಿಟ್ಟೂ ತಂದಿತು.

ಮಂಡ್ಯದಿಂದ:

ನೋವು ಯಾಕೆ? ನಮ್ಮ ಆಟೋ ಹಿಂದೆ ಶಂಕರಣ್ಣ ಇಲ್ವಾ? ಅಪ್ಪು ಇಲ್ವಾ? ನಮ್ಮಲ್ಲಿ ಅದು ಅಭಿಮಾನ. ಯಾವ ಆಟೋದವನೂ ನಾಚಿಕೆಯಿಂದ ಶಂಕರನಾಗ್ ಫೋಟೋ ಹಾಕಿಸಲ್ಲ. ಇದಕ್ಕೆ ಅಭಿಮಾನಿ ವಿಮಾನ ಅನ್ನಿ. ಪ್ರಾಸಾನೂ ಕೂಡುತ್ತೆ.

ಮೈಸೂರಿನಿಂದ:

ಮೊದಲ ಪದಕ್ಕೇ ಮರಳುತ್ತೇನೆ, ಯಾಕೆಂದರೆ ಡೆಕಾಲ್‌ನ ಕಥೆ ಹೇಳದೆ ಇರಲಾರೆ. ಇದು ಫ್ರೆಂಚಿನ ಡೆಕಾಲ್ಕೊಮನಿ. 1860ರ ದಶಕದಲ್ಲಿ ಯುರೋಪಿನವರಿಗೆ ಕಂಡ ಕಂಡ ಹೂಜಿ, ಪೆಟ್ಟಿಗೆಗಳ ಮೇಲೆ ಚಿತ್ರ ಇಳಿಸುವ ಹುಚ್ಚು ಹಿಡಿದಿತ್ತು, ಆ ಹುಚ್ಚೇ ಕೊನೆಯ ಮನಿ. ಕಾಲ್ಕ್ ಅಂದರೆ ಮೇಲಿಟ್ಟು ಒತ್ತಿ ತೆಗೆದ ನಕಲು. ಅದರ ಬೇರು ಲ್ಯಾಟಿನ್ನಿನಲ್ಲಿ ತುಳಿಯುವುದು ಎಂಬ ಅರ್ಥದ ಕ್ರಿಯಾಪದ, ಅದರ ಹಿಂದೆ ಹಿಮ್ಮಡಿ ಎಂಬ ಅರ್ಥದ ಪದ. ಮಜಾ ಇರುವುದು ಇಲ್ಲಿ. ಬೇರೆ ಭಾಷೆಯ ಪದವನ್ನು ತುಂಡು ತುಂಡಾಗಿ ನಮ್ಮ ಭಾಷೆಗೆ ಇಳಿಸಿಕೊಳ್ಳುವುದಕ್ಕೂ ಭಾಷಾವಿಜ್ಞಾನಿಗಳು ಕಾಲ್ಕ್ ಎಂದೇ ಹೇಳುತ್ತಾರೆ. ಅಂದರೆ ಡೆಕಾಲ್‌ಗೆ ಕನ್ನಡ ಪದ ಹೀಗೆ ಕಟ್ಟಲು ಹೊರಟ ನಾವೆಲ್ಲ ಡೆಕಾಲ್‌ನ ದಾಯಾದಿಯನ್ನೇ ಮಾಡುತ್ತಿದ್ದೇವೆ.

ಮಂಡ್ಯದಿಂದ:

ಅದಕ್ಕೇ ಹೇಳೋದು, ಡೆಕಾಲು ಅಂತ ಉಕಾರ ಸೇರಿಸಿ ಬಿಟ್ಟುಬಿಡಿ. ಬಸ್ಸು, ಕಾರು, ಡೆಕಾಲು. ಇಸ್ತ್ರಿ, ಅಲಮಾರು ಪೋರ್ಚುಗೀಸಿನವು. ಯಾರಾದರೂ ಅಂಗಿಗೆ ಇಸ್ತ್ರಿ ಹಾಕೋಕೆ ಮುಂಚೆ ಕನ್ನಡ ಪದ ಹುಡುಕ್ತಾರಾ?

ಧಾರವಾಡದಿಂದ:

ಹೆಂಗಸರು ಗಂಡಸರು ಎಲ್ಲ ಸೇರಿ ನೂರಾರು ವರ್ಷ ಬಳಸಿ ಇಸ್ತ್ರಿಯನ್ನು ಕನ್ನಡ ಮಾಡಿದರು. ನಿಮ್ಮ ಡೆಕಾಲು ಯಾರು ಬಳಸಿದ್ದಾರೆ? ರಾಜಾಜಿನಗರದ ಐದಾರು ಜನ.

ತುಮಕೂರಿನಿಂದ:

ಮೇಷ್ಟರ ಲೆಕ್ಕದಲ್ಲಿ ಮೊದಲು ನೂರು ವರ್ಷ ಬಳಸಬೇಕು, ಆಮೇಲೆ ಬಳಸೋಕೆ ಅನುಮತಿ ಕೊಡ್ತಾರೆ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ಆಗ ಅಂಗಡಿಯವರು ಏನು ಮಾಡಿದರು? ಕಾರ್ ಡೆಕೋರ್ಸ್ ಅನ್ನೋದನ್ನೇ ಕನ್ನಡ ಅಕ್ಷರದಲ್ಲಿ ಬರೆಸಿದರು. ಲಿಪಿ ಕನ್ನಡ, ಪದ ಇಂಗ್ಲಿಷ್. ಉಕಾರ ಸೇರಿಸಿ ಬಿಡಿ ಅನ್ನೋ ವಾದ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತೆ. ನನಗೂ ಮೇಷ್ಟರ ಮೇಲೆ ಸಿಟ್ಟಿದೆ, ಅಂಟುಚಿತ್ರನ ಒಂದೇ ಏಟಿಗೆ ಸಾಯಿಸಿದರು, ಆದರೆ ಈ ವಿಷಯದಲ್ಲಿ ಅವರ ಕಡೆಗೇ ಇದ್ದೇನೆ.

ಮಂಡ್ಯದಿಂದ:

ಕಾರ್ ಡೆಕೋರ್ಸ್ ಅಂಗಡಿಯವನಿಗೆ ಹೋಗಿ ಕಾರಿನಲಂಕಾರ ಅಂತ ಬರೆಸಪ್ಪ ಅಂತ ಹೇಳಿ. ಬಂದು ಏನಾಯ್ತು ಅಂತ ಇಲ್ಲಿ ಬರೀರಿ.

ಧಾರವಾಡದಿಂದ:

ಕಾರಿನಲಂಕಾರವೂ ಅರಿಯೇ. ಕಾರು ಇಂಗ್ಲಿಷ್, ಅಲಂಕಾರ ಸಂಸ್ಕೃತ.

ರಾಜಾಜಿನಗರದಿಂದ:

ದಯವಿಟ್ಟು. ಇವತ್ತು ಗುರುವಾರ.

ಹಚ್ಚೆ ನನಗೆ ಹಿಡಿಸಿದೆ, ಯಾವ ಬೇರಿನದಾದರೂ ಆಗಲಿ. ಕಾರ್ಡಿನ ಕರಡು ಕೆಳಗಿದೆ. ಆದರೆ ಅದರಲ್ಲೊಂದು ಖಾಲಿ ಜಾಗ ಇದೆ, ನೋಡಿ:

“ಈ ವಿಮಾನದ ಮೇಲಿನ ಚಿತ್ರಗಳು ಬಣ್ಣದಲ್ಲಿ ಬರೆದವಲ್ಲ. ನೀರಿನಲ್ಲಿ ನೆನೆಸಿ, ಜಾರಿಸಿ ಕೂರಿಸಿದ ಹಚ್ಚೆಗಳು. ಒರಟು ಬಣ್ಣದ ಮೇಲೆ ಕೂರಿಸಿದರೆ ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಹಚ್ಚೆ ______. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್ ಹೊಡೆಯಬೇಕು.”

ಆ ಖಾಲಿ ಜಾಗದಲ್ಲಿ ಇಂಗ್ಲಿಷಿನವರು ಸಿಲ್ವರಿಂಗ್ ಅಂತಾರೆ. ಬೆಳಕಿಗೆ ಹಿಡಿದರೆ ಚಿತ್ರದ ಅಂಚು, ಹಾಳೆಯ ಖಾಲಿ ಭಾಗ ಬೂದಿ ಬಳಿದ ಹಾಗೆ ಕಾಣುತ್ತೆ. ನನ್ನ ಬಲ ರೆಕ್ಕೆಯಲ್ಲಿ ಆಗಿದೆ. ಸೂಜಿಯಲ್ಲಿ ಚುಚ್ಚಿ ಮತ್ತೆ ಸಾಫ್ಟರ್ ಬಿಟ್ಟೆ, ಅರ್ಧ ಹೋಯಿತು, ಅರ್ಧ ಉಳಿಯಿತು. ಬೆಳ್ಳಿಗಟ್ಟುತ್ತದೆ ಅಂತ ಬರೆಯಲಾ?

ಧಾರವಾಡದಿಂದ:

ಬೆಳ್ಳಿಗಟ್ಟುವುದು ಎಂದರೆ ಓದಿದವರು ಶ್ರೀಮಂತಿಕೆ ಬಂತು ಅಂದುಕೊಂಡಾರು. ಕೂಡದು.

ಶಿವಮೊಗ್ಗದಿಂದ:

ಬಿಳಿಚಿಕೊಳ್ಳುತ್ತದೆ. ಜ್ವರ ಬಂದವರ ಮುಖದ ಹಾಗೆ.

ಹಮಾಮಾತ್ಸುವಿನಿಂದ:

ಬಿಳಿಚಿಕೊಳ್ಳುತ್ತದೆ ಸೂಪರ್. ಇಲ್ಲಿನ ದೆಕಾರು ಮಂದಿಗೂ ಹೇಳ್ತೀನಿ.

ಮೈಸೂರಿನಿಂದ:

ಹಾಳೆ ಅನ್ನಬೇಡಿ, ಹಾಳೆ ಅಂದರೆ ಕಾಗದ ಅಂದುಕೊಳ್ಳುತ್ತಾರೆ. ಕಾಗದ ಕೆಳಗೇ ಉಳಿಯುತ್ತೆ, ಮೇಲಿಂದ ಜಾರುವುದು ಪೊರೆ. ಹಾವಿನ ಪೊರೆ, ಕಣ್ಣಿನ ಪೊರೆ. ಅಷ್ಟೇ ತೆಳ್ಳಗಿದೆ ಅಂತ ನೀವೇ ಹೇಳಿದ್ದೀರಿ.

ಮಂಡ್ಯದಿಂದ:

ಮೇಷ್ಟ್ರೇ, ನಿಮ್ಮ ಪ-ಹ ಲೆಕ್ಕದಲ್ಲಿ ಪೊರೆ ಹೊರೆ ಆಗಬೇಕಿತ್ತಲ್ಲ?

ಧಾರವಾಡದಿಂದ:

ಎಲ್ಲ ಪಕಾರವೂ ಹಕಾರ ಆಗಲಿಲ್ಲ. ಆಗಿದ್ದರೆ ನಿಮ್ಮ ಊರ ಪಕ್ಕದ ಪಾಂಡವಪುರ ಹಾಂಡವಹುರ ಆಗಿರುತ್ತಿತ್ತು. ಪೊರೆ ಸರಿಯಾಗಿದೆ, ಹಾಕಿ.

ರಾಜಾಜಿನಗರದಿಂದ:

ಪ್ರಿಂಟಿಗೆ ಹೋಯಿತು. ಹಚ್ಚೆ, ಪೊರೆ, ಬಿಳಿಚಿಕೊಳ್ಳುತ್ತದೆ, ಮೂರೂ ಇವೆ. ತಲೆಬರಹ ಅಭಿಮಾನಿ ವಿಮಾನ. ಮಗಳು ಅದನ್ನು ಓದಿ, ಸರಿ, ಹಾಲಿನಲ್ಲಿ ಇಡು, ಆದರೆ ಬೆನ್ನು ಗೋಡೆ ಕಡೆ ಇರಲಿ ಅಂದಳು.

ಧಾರವಾಡದಿಂದ:

ಅಭಿಮಾನಿ ವಿಮಾನ ಎರಡೂ ಸಂಸ್ಕೃತ. ಹಾಗಾಗಿ ತೊಂದರೆ ಇಲ್ಲ.