ಅಂಗಾಲಿನ ಉರಿ ನಿಂತಿತು, ಆದರೆ ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ

ಪ್ರಶ್ನೆ:
ಡಾಕ್ಟರೇ, ನಮಸ್ಕಾರ. ನಾವು ಸಿರುಗುಪ್ಪ ತಾಲ್ಲೂಕಿನವರು, ಭತ್ತದ ಬೇಸಾಯ ನಮ್ಮದು. ಅಪ್ಪನಿಗೆ 58 ವರ್ಷ, ಶುಗರ್ ಬಂದು 11 ವರ್ಷಗಳಾದವು. ರಾತ್ರಿಯೆಲ್ಲ ಅಂಗಾಲು ಉರಿಯುತ್ತದೆಂದು ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದವರು, ಆರು ತಿಂಗಳಿಂದ ಉರಿ ಪೂರ್ತಿ ನಿಂತಿದೆ, ಕಾಯಿಲೆ ಹತೋಟಿಗೆ ಬಂದಿದೆ ಎಂದು ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಹೊತ್ತಿಗೆ ಇಳಿಸಿದ್ದಾರೆ. ಮೂರು ದಿನಗಳ ಹಿಂದೆ ಪಡಸಾಲೆ ಗುಡಿಸುತ್ತಿದ್ದ ಅವ್ವನಿಗೆ ನೆಲದ ಮೇಲೆ ರಕ್ತದ ಕಲೆಗಳು ಕಂಡವು. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನು ತೂರಿ ಅಪ್ಪನ ಹಿಮ್ಮಡಿಗೆ ನಾಟಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಮುಳ್ಳು ಕಿತ್ತು ಅರಿಶಿನ ಹಚ್ಚಿದ್ದೇವೆ. ನೋವಿಲ್ಲವಲ್ಲ, ಆಸ್ಪತ್ರೆ ಯಾಕೆ ಎನ್ನುತ್ತಾರೆ. ಕಳೆದ ತಿಂಗಳ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 9.2 ಇತ್ತು.

ವೈದ್ಯರ ಉತ್ತರ:
ನೋವಿಲ್ಲವೆಂಬ ಕಾರಣಕ್ಕಾಗಿಯೇ ನಿಮ್ಮ ತಂದೆಯವರನ್ನು ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಜಾಲಿ ಮುಳ್ಳಿನ ತುದಿ ಒಳಗೇ ಮುರಿದು ಉಳಿಯುವುದುಂಟು. ಮೇಲೆ ಗಾಯ ಮುಚ್ಚಿದಂತೆ ಕಂಡರೂ ಒಳಗೆ ಕೀವು ಕಟ್ಟಿ ಎಲುಬಿನವರೆಗೆ ಇಳಿಯಬಹುದು. ಗಾಯವನ್ನು ಸ್ವಚ್ಛಗೊಳಿಸಿ, ಪಾದದ ರಕ್ತಸಂಚಾರ ನೋಡಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಅಲ್ಲಿಯ ವೈದ್ಯರು ನಿರ್ಧರಿಸುತ್ತಾರೆ. ಅರಿಶಿನ ಸಾಕು ಮಾಡಿ. ಬಿಸಿನೀರಿನಲ್ಲಿ ಕಾಲು ಇಳಿಬಿಡುವುದಂತೂ ಬೇಡ.

ಉರಿ ನಿಂತದ್ದರ ಬಗ್ಗೆ ಹೇಳುವುದಾದರೆ, ಸಕ್ಕರೆ ಹತೋಟಿಗೆ ಬಂದಾಗಲೂ ಉರಿ ಕಡಿಮೆಯಾಗುವುದುಂಟು. ಆದರೆ ಎಚ್‌ಬಿಎ1ಸಿ 9.2 ಇದ್ದು, ನಾಟಿದ ಮುಳ್ಳು ತಿಳಿಯದೆ ಹೋದಾಗ, ಪಾದದ ನರಗಳು ಸ್ಪರ್ಶವನ್ನೇ ಕಳೆದುಕೊಂಡಿವೆ ಎಂದು ಶಂಕಿಸಬೇಕಾಗುತ್ತದೆ. 10 ಗ್ರಾಂ ಒತ್ತಡದ ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಇದನ್ನು ಎರಡೇ ನಿಮಿಷದಲ್ಲಿ ಪರೀಕ್ಷಿಸುತ್ತಾರೆ, ಕೇಳಿ ಮಾಡಿಸಿ. ಎಚ್‌ಬಿಎ1ಸಿ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಸಾಮಾನ್ಯವಾಗಿ ಅದು 7ರ ಒಳಗಿರಬೇಕೆಂದು ಬಯಸುತ್ತೇವೆ. ಆದ್ದರಿಂದ ಮಾತ್ರೆಯನ್ನು ತಾವಾಗಿಯೇ ಇಳಿಸಿದ್ದು ತಪ್ಪು.

ಇನ್ನು ಮುಂದೆ ಪ್ರತಿ ರಾತ್ರಿ ಯಾರಾದರೂ ಒಬ್ಬರು ಅವರ ಅಂಗಾಲು ಮತ್ತು ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಬೇಕು. ಒಬ್ಬರೇ ಇದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ. ಹೊಲಕ್ಕೆ ಹೋಗುವಾಗ ಗಟ್ಟಿ ಅಟ್ಟೆಯ ಮುಚ್ಚಿದ ಪಾದರಕ್ಷೆ ಬೇಕು, ಮೆಟ್ಟುವ ಮೊದಲು ಅದನ್ನು ಕೊಡವಿ, ಒಳಗೆ ಕೈಯಾಡಿಸಬೇಕು. ಮನೆಯೊಳಗೆ ಮೃದು ರಬ್ಬರಿನ ಎಂಸಿಆರ್ ಚಪ್ಪಲಿ ಸಾಕು. ನಮ್ಮ ಬಿಸಿಲಿನಲ್ಲಿ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬೊಬ್ಬೆ ಎಬ್ಬಿಸಿಕೊಂಡು ಬರುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ದೇವರು ಮುನಿಯುವುದಿಲ್ಲ, ಕಾಲುಚೀಲವಾದರೂ ಇರಲಿ. ಬೀಡಿ ಸೇದುತ್ತಿದ್ದರೆ ಬಿಡಬೇಕು, ಏಕೆಂದರೆ ಅದು ಗಾಯ ಮಾಯಲು ಬೇಕಾದ ರಕ್ತದ ಹರಿವನ್ನೇ ಕುಗ್ಗಿಸುತ್ತದೆ. ಕಣ್ಣಿನ ಅಕ್ಷಿಪಟಲ ಮತ್ತು ಮೂತ್ರದಲ್ಲಿಯ ಅಲ್ಬುಮಿನ್ ಪರೀಕ್ಷೆಗಳು ವರ್ಷಕ್ಕೊಮ್ಮೆಯಾದರೂ ಆಗಲಿ. ಕಣ್ಣು, ಮೂತ್ರಪಿಂಡ ಕೆಡುವುದೂ ನೋವಿಲ್ಲದೆಯೇ.

ಮರುಪ್ರಶ್ನೆ:
ಸಂಜೆಯೇ ತೋರಿಸಿದೆವು ಸರ್, ಒಳಗೆ ಅರ್ಧ ಇಂಚಿನ ತುದಿ ಸಿಕ್ಕಿತು. ಇನ್ಸುಲಿನ್ ಬರೆದಿದ್ದಾರೆ. ಮನೆಯಲ್ಲಿ ಫ್ರಿಜ್ ಇಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ.

ವೈದ್ಯರ ಉತ್ತರ:
ತುದಿ ಸಿಕ್ಕಿದ್ದು ಒಳ್ಳೆಯದಾಯಿತು. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಹಾಗಾಗಿ ಒಮ್ಮೆಗೆ ಒಂದೇ ಬಾಟಲಿ ತನ್ನಿರಿ, ಉಳಿದದ್ದು ಔಷಧಿ ಅಂಗಡಿಯ ಫ್ರಿಜ್‌ನಲ್ಲಿಯೇ ಇರಲಿ. ಬಳಸುತ್ತಿರುವ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಇಡಿ, ಆ ಕುಡಿಕೆಯನ್ನು ದೊಡ್ಡ ಮಡಕೆಯೊಳಗಿಟ್ಟು, ನಡುವೆ ಮರಳು ತುಂಬಿ, ದಿನಕ್ಕೆರಡು ಸಲ ಮರಳಿಗೆ ನೀರು ಹನಿಸಿ, ನೆರಳಿನಲ್ಲಿ ಗಾಳಿಯಾಡುವಲ್ಲಿ ಇಡಿ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ತಂಪಾಗುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಹೆಚ್ಚಿನವು ನಾಲ್ಕು ವಾರ ಬರುತ್ತವೆ, ಆದರೂ ಜೊತೆಯ ಚೀಟಿಯಲ್ಲಿ ಬರೆದ ಅವಧಿಯನ್ನೇ ಪಾಲಿಸಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟು ಗದ್ದೆಗೆ ಇಳಿಯಬಾರದು, ರಕ್ತದ ಸಕ್ಕರೆ ತೀರಾ ಇಳಿದೀತು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಸಕ್ಕರೆಯ ಪೊಟ್ಟಣವೊಂದು ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಇರಲಿ.